ಎಡಗಾಲಿನ ಮೇಲೆ ಬಂದ ಅಪವಾದ

ನಾನು ಒಂದು ಕ್ಲಚ್ ಪೆಡಲು. ಕಾರಿನೊಳಗೆ ಕೂತವರು ಸ್ಟಿಯರಿಂಗನ್ನು ಸವರುತ್ತಾರೆ, ಸೀಟಿಗೆ ಕವಚ ಹೊಲಿಸುತ್ತಾರೆ, ಕನ್ನಡಿಯಲ್ಲಿ ಮೀಸೆ ತಿದ್ದಿಕೊಳ್ಳುತ್ತಾರೆ. ನನ್ನನ್ನು ಮಾತ್ರ ತುಳಿಯುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ತುಳಿಸಿಕೊಳ್ಳುವುದೇ ನನ್ನ ಕಸುಬು. ಆದರೆ ಆ ಕತ್ತಲ ಮೂಲೆಯಲ್ಲಿ ನೇತಾಡುತ್ತ ನಾನು ಕಂಡ ಒಂದು ಸಂಗತಿಯನ್ನು ನೆನೆದರೆ ಇಂದಿಗೂ ನನ್ನ ಸ್ಪ್ರಿಂಗು ಜುಮ್ಮೆನ್ನುತ್ತದೆ. ಅದನ್ನು ಯಾರಿಗಾದರೂ ಹೇಳಿಯೇ ತೀರಬೇಕು.

ನನ್ನ ಹುಟ್ಟೇ ಒಂದು ಆಘಾತ. ಕಬ್ಬಿಣದ ಪಟ್ಟಿಯಾಗಿ ನನ್ನಷ್ಟಕ್ಕೆ ಮಲಗಿದ್ದೆ. ಮೇಲಿನಿಂದ ಅಚ್ಚಿನ ಯಂತ್ರ ಧಡಾರನೆ ಬಿತ್ತು. ಎಚ್ಚರಾಗುವಷ್ಟರಲ್ಲಿ ನನ್ನ ಸೊಂಟ ಬಾಗಿತ್ತು, ತುದಿ ಅಗಲವಾಗಿತ್ತು, ಯಾರೋ ಅದಕ್ಕೊಂದು ಕಪ್ಪು ರಬ್ಬರಿನ ಟೊಪ್ಪಿಗೆ ಹಾಕಿ ಮುಂದಕ್ಕೆ ದಬ್ಬಿದ್ದರು. ಒಂದು ಸಣ್ಣ ಬಿಳಿ ಪೆಟ್ರೋಲ್ ಕಾರಿನಲ್ಲಿ ನನ್ನನ್ನು ಜೋಡಿಸಿದರು. ನನ್ನ ಬಲಕ್ಕೆ ಬ್ರೇಕು, ಅದರಾಚೆ ಆಕ್ಸಿಲರೇಟರು. ಮುಂದೆ ತಗಡಿನ ಗೋಡೆ. ಆ ಗೋಡೆಯ ಆಚೆ ಇಂಜಿನ್ ಇತ್ತು. ಅದರ ಮುಖವನ್ನು ನಾನು ನೋಡಿದವನಲ್ಲ, ಆದರೆ ಅದರ ಉಸಿರು ನನ್ನ ಮೈಗೆ ತಾಗುತ್ತಿತ್ತು.

ನನ್ನ ಮೊದಲ ಯಜಮಾನರು ಗದಗಿನ ಒಬ್ಬ ಹಲ್ಲಿನ ಡಾಕ್ಟರು. ಅವರ ಬೂಟು ಸದಾ ಮಿರಿಮಿರಿ ಮಿಂಚುತ್ತಿತ್ತು. ಅವರು ನನ್ನನ್ನು ಅಳೆದು ತೂಗಿ ಒತ್ತುತ್ತಿದ್ದರು, ನೋವಾಗುತ್ತದೆಯೇ ಎಂದು ಕೇಳುವವರ ಹಾಗೆ. ಇದೇ ನನ್ನ ಬದುಕು ಎಂದುಕೊಂಡಿದ್ದೆ. ಒಂದು ದಿನ ಅವರು ಯಾರೊಂದಿಗೋ ಫೋನಿನಲ್ಲಿ, ಕ್ಲಚ್ಚೇ ಇಲ್ಲದ ಕಾರು ಬುಕ್ ಮಾಡಿರುವುದಾಗಿ ಹೇಳಿದರು. ಎಡಗಾಲಿಗೆ ಕೆಲಸವೇ ಇಲ್ಲದ ಕಾರು! ನಾನು ದಂಗಾಗಿ ಹೋದೆ. ಆ ದಂಗು ಇಳಿಯುವ ಮೊದಲೇ ನನ್ನನ್ನು ಮಾರಿದ್ದರು.

ಕೊಂಡವನು ಹಿರೇಬಾವಿ ಎಂಬ ತಾಲ್ಲೂಕು ಊರಿನ ಗುರುಶಾಂತಪ್ಪ. ಹಲವು ವರ್ಷ ಲಾರಿ ಓಡಿಸಿ, ಬೆನ್ನು ಸೋತು, ಬಸ್‌ಸ್ಟ್ಯಾಂಡಿನ ಹಿಂದೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹಾಕಿದ್ದ. ಮನುಷ್ಯ ಪ್ರಾಮಾಣಿಕ. ದನಿ ಮಾತ್ರ ಲಾರಿಯದೇ. ಅವನು ಮೊದಲು ಮಾಡಿದ ಕೆಲಸವೆಂದರೆ ಪಕ್ಕದ ಸೀಟಿನ ಕೆಳಗೆ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು ಕೂರಿಸಿದ್ದು. ಕಲಿಯುವವರು ತಪ್ಪಿದರೆ ಅವನು ಅಲ್ಲಿಂದಲೇ ಒತ್ತಬಹುದು. ಅವನು ಅಲ್ಲಿ ಒತ್ತಿದರೆ ನಾನು ಇಲ್ಲಿ ತಲೆಬಾಗಬೇಕು. ಆದರೆ ನನ್ನನ್ನು ಒತ್ತಿದರೆ ಅವನ ಪೆಡಲಿಗೆ ಏನೂ ತಿಳಿಯುತ್ತಿರಲಿಲ್ಲ. ಅಲ್ಲಿಂದ ಅಪ್ಪಣೆ ಬರುತ್ತಿತ್ತು, ಇಲ್ಲಿಂದ ಸುದ್ದಿ ಹೋಗುತ್ತಿರಲಿಲ್ಲ. ಇದನ್ನು ನೀವು ನೆನಪಿನಲ್ಲಿಡಬೇಕು.

ಅವನ ಮೊದಲ ವಿದ್ಯಾರ್ಥಿನಿ ಅವನ ಹೆಂಡತಿ ಕಸ್ತೂರೆವ್ವ. ಪೂಜೆ ಮುಗಿದು, ಗಾಲಿಯ ಕೆಳಗಿನ ನಿಂಬೆಹಣ್ಣು ಪಚಕ್ಕೆಂದ ಮರುದಿನವೇ ಅವಳು ಬಂದಳು. ಚಪ್ಪಲಿಯನ್ನು ಕಾರಿನ ಹೊರಗೆ ಬಿಟ್ಟಳು. ಒಳಗೆ ಕೂತವಳು ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ತುಳಿಯುವ ಮುಂಚೆ ನನ್ನ ಕ್ಷಮೆ ಕೇಳಿದವರನ್ನು ನಾನು ಅಂದೇ ಮೊದಲು ಕಂಡದ್ದು. ಬರಿಗಾಲಿನ ಬಿಸಿ ರಬ್ಬರನ್ನು ದಾಟಿ ಕಬ್ಬಿಣದವರೆಗೂ ಇಳಿಯಿತು. ಆಗ ಇಂಜಿನ್ ಗಟ್ಟಿಮುಟ್ಟಾಗಿತ್ತು, ಮುಂಜಾನೆಯ ಚಳಿಯಲ್ಲೂ ಒಂದೇ ಉಸಿರಿನಲ್ಲಿ ಓಡುತ್ತಿತ್ತು. ಕಸ್ತೂರೆವ್ವ ಮೆಲ್ಲಗೆ ನನ್ನನ್ನು ಬಿಡತೊಡಗಿದಳು.

"ಬಿಡು! ಬಿಡು ಅಂದ್ರ ಬಿಡು! ಅದೇನ್ ರೊಟ್ಟಿ ಅಂತ ತಿಳದೀ ಏನ್, ತಟ್ಟಾಕತ್ತೀ?" ಗುರುಶಾಂತಪ್ಪ ಒದರಿದ.

ಅವಳ ಕಾಲು ಬೆಚ್ಚಿ ನನ್ನ ಮೇಲಿಂದ ಜಾರಿತು. ಕಾರು ಕುಪ್ಪಳಿಸಿ ನಿಂತಿತು. ಕೆಲವೇ ದಿನಗಳಲ್ಲಿ ಅವನು ತೀರ್ಪು ಕೊಟ್ಟ: "ನಿನ್ನ ಕಾಲಿಗೆ ಕ್ಲಚ್ ಬರಂಗಿಲ್ಲ, ಬಿಡು." ಅವಳು ಚಪ್ಪಲಿ ಮೆಟ್ಟಿ ಒಳಗೆ ಹೋದಳು. ಮತ್ತೆ ಕಾರಿನ ಬಾಗಿಲಿಗೆ ಬಂದಿದ್ದು ಅವನಿಗೆ ಚಹಾ ಕೊಡಲು ಮಾತ್ರ.

ಸ್ಕೂಲು ಬೆಳೆಯಿತು. ಗುರುಶಾಂತಪ್ಪ ಎರಡು ಗುಂಪು ಮಾಡಿದ. ಹೆಂಗಸರ ಗುಂಪು ನಸುಕಿಗೆ. ಊರು ಏಳುವ ಮುಂಚೆ, ನಾಲ್ಕು ಮಂದಿ ನೋಡಿ ನಗುವ ಮುಂಚೆ, ಕಲಿತು ಮನೆಗೆ ಹೋಗಲಿ ಎಂದು ಅವರೇ ಕೇಳಿಕೊಂಡದ್ದು. ಗಂಡಸರ ಗುಂಪು ಬಿಸಿಲೇರಿದ ಮೇಲೆ. ಅವನದೊಂದು ಕಟ್ಟುನಿಟ್ಟು ಇತ್ತು. ಬಸ್‌ಸ್ಟ್ಯಾಂಡಿನ ಸುತ್ತ ಒಮ್ಮೆಯೂ ಇಂಜಿನ್ ಬಂದ್ ಬೀಳಿಸದೆ ಸುತ್ತಿ ಬಂದವರನ್ನು ಮಾತ್ರ ಟೆಸ್ಟಿಗೆ ಕರೆದೊಯ್ಯುತ್ತಿದ್ದ. "ನನ್ನ ಕೈಯಾಗ ಕಲ್ತವರು ಟೆಸ್ಟನ್ಯಾಗ ಒಬ್ರೂ ಬಿದ್ದಿಲ್ಲ," ಎಂಬುದು ಅವನ ಜಂಬ.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಗೋಡೆಯಾಚೆಯ ಉಸಿರು ಕೆಟ್ಟಿತು. ನಸುಕಿಗೆ ಚಾವಿ ತಿರುವಿದೊಡನೆ ಇಂಜಿನ್ ಗಡಗಡ ನಡುಗುತ್ತಿತ್ತು, ಕೆಮ್ಮುತ್ತಿತ್ತು. ಮೊದಲ ಗೇರಿಗೆ ಹಾಕಿ ನನ್ನನ್ನು ಬಿಟ್ಟರೆ ಸಾಕು, ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಬಿಸಿಯಾದ ಮೇಲೆ ಏನೂ ಇಲ್ಲ, ಬೆಣ್ಣೆ. ಆದರೆ ಅದು ಬಿಸಿಯಾಗುವ ಹೊತ್ತಿಗೆ ಹೆಂಗಸರ ಪಾಠ ಮುಗಿದಿರುತ್ತಿತ್ತು. ಬಿಸಿ ಕಾರು ಗಂಡಸರಿಗೆ ಸಿಗುತ್ತಿತ್ತು.

ನಾನು ಬಲ್ಲೆ, ಆ ಕಾಲುಗಳಲ್ಲಿ ತಪ್ಪಿರಲಿಲ್ಲ. ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುತ್ತಿದ್ದವು, ಎಷ್ಟು ಬಿಡಬೇಕೋ ಅಷ್ಟೇ ಬಿಡುತ್ತಿದ್ದವು. ಆದರೆ ಆ ಸುದ್ದಿ ಪಕ್ಕದ ಪೆಡಲಿಗೆ ಹೋಗುತ್ತಿರಲಿಲ್ಲವಲ್ಲ, ಗುರುಶಾಂತಪ್ಪ ದಿನಾ ಹಣೆ ಬಡಿದುಕೊಳ್ಳುತ್ತಿದ್ದ. ಗಾಡಿಯೇ ನಡುಗುತ್ತದೆ ಎಂದು ಯಾರಾದರೂ ಅಂದರೆ ಗಾದೆ ಸಿದ್ಧವಿತ್ತು: "ಕುಣೀಲಿಕ್ಕೆ ಬರದಾಕಿ ನೆಲ ಡೊಂಕ ಅಂದ್ಲಂತ." ಬೇಸಿಗೆಯಲ್ಲಿ ನಡುಕ ಕಡಿಮೆಯಾದಾಗ, ಬಿಸಿಲಿಗೆ ಇವರಿಗೆ ತುಸು ಬುದ್ಧಿ ಬಂತು ಎಂದ. ಮಳೆ ಬಿದ್ದೊಡನೆ ಆ ಬುದ್ಧಿ ಎಲ್ಲಿ ಹೋಯಿತು ಎಂದು ಅವನಿಗೆ ಅನುಮಾನವೇ ಬರಲಿಲ್ಲ! ಒಬ್ಬೊಬ್ಬರಾಗಿ ಹೆಂಗಸರು ಬಿಟ್ಟು ಹೋದರು. ಕೊನೆಯ ದಿನ ಕಾಲು ತೆಗೆಯುವಾಗ ಕೆಲವರು ನನ್ನನ್ನು ಮೆಲ್ಲಗೆ ಸವರಿದಂತೆ ಮಾಡುತ್ತಿದ್ದರು, ನಿನ್ನದೇನೂ ತಪ್ಪಿಲ್ಲ ಎನ್ನುವ ಹಾಗೆ. ನನಗೆ ಕೂಗಿ ಹೇಳಬೇಕೆನಿಸುತ್ತಿತ್ತು, ನಿಮ್ಮದೂ ತಪ್ಪಿಲ್ಲ ಎಂದು. ಪೆಡಲಿಗೆ ಬಾಯಿ ಎಲ್ಲಿಂದ ಬರಬೇಕು?

ಹಾಗೆಂದು ಗುರುಶಾಂತಪ್ಪ ಗಾಡಿ ತೋರಿಸಲಿಲ್ಲವೆಂದಲ್ಲ. ಗಂಡಸರ ಪಾಠ ಮುಗಿಸಿ ಮಧ್ಯಾಹ್ನ ಖಾದರಸಾಬನ ಗ್ಯಾರೇಜಿಗೆ ಓಡಿಸಿಕೊಂಡು ಹೋಗುತ್ತಿದ್ದ. ಅಷ್ಟರಲ್ಲಿ ಇಂಜಿನ್ ಕಾದ ಹಂಚು. ಖಾದರಸಾಬ ಕಿವಿಗೊಟ್ಟು ಕೇಳಿ, "ಗಡಿಯಾರ ನಡದಂಗ ನಡದೈತಲ್ಲೋ ಮಾರಾಯ," ಎಂದು ಬಾನೆಟ್ಟು ಮುಚ್ಚುತ್ತಿದ್ದ. ಒಮ್ಮೆ ಕ್ಲಚ್ ಪ್ಲೇಟನ್ನೂ ಬದಲಿಸಿದರು. ಹೆಂಗಸರು ಸುಟ್ಟಿದ್ದಾರೆ ಎಂಬುದು ಇಬ್ಬರ ಒಮ್ಮತ.

ಅಂಥ ಹೊತ್ತಿನಲ್ಲಿ ಬಂದವಳು ಹುಲಿಗೆವ್ವ. ಪಕ್ಕದ ಹಳ್ಳಿಯವಳು, ಹೆಂಗಸರ ಸ್ವಸಹಾಯ ಸಂಘದ ಸದಸ್ಯೆ. ಆ ಹಳ್ಳಿಯ ಪಂಚಾಯತಿಗೆ ಕಸದ ಗಾಡಿ ಬಂದಿತ್ತು. ಅದನ್ನು ಸಂಘದ ಹೆಂಗಸೇ ಓಡಿಸಬೇಕೆಂದು ಸಭೆಯಲ್ಲಿ ಇವಳ ಹೆಸರು ಬರೆದಿದ್ದರು. ಅಷ್ಟು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತವಳಿಗೆ ತಿಂಗಳ ಸಂಬಳದ ಕೆಲಸ. ಆದರೆ ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ಚಾವಿ ಅಧ್ಯಕ್ಷರ ಮೈದುನನ ಕೈಗೆ. ಅವನಾಗಲೇ ಗಾಡಿಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡಿದ್ದನಂತೆ.

ಹುಲಿಗೆವ್ವನ ಅಂಗಾಲು ಒರಟು, ಹಿಮ್ಮಡಿ ಬಿರುಕು. ಆದರೆ ಅಷ್ಟು ಹದವಾದ ಕಾಲನ್ನು ನಾನು ಕಂಡಿರಲಿಲ್ಲ. ಮೊಟ್ಟೆಯ ಮೇಲಿಟ್ಟಂತೆ ಇಡುತ್ತಿದ್ದಳು. ಇಂಜಿನ್ನು ಮಾತ್ರ ದಿನಾ ನಡುಗಿ ಸಾಯುತ್ತಿತ್ತು. ಗುರುಶಾಂತಪ್ಪ ನಿಟ್ಟುಸಿರಿಟ್ಟ: "ತಂಗಿ, ಸಿಟ್ಟಾಗಬ್ಯಾಡ. ಈ ತಿಂಗಳು ನಿನ್ನ ಕಡೆ ಆಗಂಗಿಲ್ಲ. ಆ ಹುಡುಗಗ ಬಿಟ್ಟುಕೊಡು."

ಅವಳ ಹೆಬ್ಬೆರಳು ನನ್ನ ರಬ್ಬರಿನ ಅಂಚನ್ನು ಗಟ್ಟಿಯಾಗಿ ಹಿಡಿದದ್ದು ನನಗೊಬ್ಬನಿಗೇ ಗೊತ್ತು.

ಎಳ್ಳಮವಾಸ್ಯೆಯ ಹಿಂದಿನ ದಿನ ಎಲ್ಲ ತಿರುಗುಮುರುಗಾಯಿತು. ಮರುದಿನ ಭೂತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲಲು ಬುತ್ತಿ ಕಟ್ಟಬೇಕು. ನಸುಕಿಗೇ ಸಜ್ಜಿರೊಟ್ಟಿ ತಟ್ಟುತ್ತ ಕೂತ ಹೆಂಗಸರು ಹತ್ತು ಗಂಟೆಗೆ ಬರುತ್ತೇವೆಂದರು. ಗುರುಶಾಂತಪ್ಪ ಗಂಡಸರನ್ನು ನಸುಕಿಗೆ ಕರೆದ. ಹುಲಿಗೆವ್ವ ಮಾತ್ರ ಅತ್ತೆಗೆ ಒಲೆ ಒಪ್ಪಿಸಿ ಎಂದಿನಂತೆ ಮೊದಲ ಬಸ್ಸಿಗೇ ಬಂದಿದ್ದಳು. ಕಾದು ನೋಡೋಣವೆಂದು ಹಿಂದಿನ ಸೀಟಿನಲ್ಲಿ ಕೂತಳು.

ಮುಂದೆ ಕೂತವನು ಮೊಬೈಲ್ ಅಂಗಡಿಯ ಪ್ರಶಾಂತ. ಗುರುಶಾಂತಪ್ಪನ ಮುದ್ದಿನ ಶಿಷ್ಯ. ಬಿಳಿ ಬೂಟಿನಿಂದ ನನ್ನನ್ನು ಒತ್ತಿ ಬಿಟ್ಟ. ಗಡಗಡ, ಧಡಕ್, ಬಂದ್. ಮತ್ತೆ ಚಾವಿ. ಮತ್ತೆ ಬಂದ್. ಮೂರನೆಯ ಸಲ ಅವನ ಹಣೆ ಸ್ಟಿಯರಿಂಗಿಗೆ ಬಡಿಯಿತು.

ಗುರುಶಾಂತಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಏ, ಗಾಡೀಗೆ ಏನೋ ಆಗೇತೋ! ಪೆಟ್ರೋಲ್‌ನ್ಯಾಗ ನೀರ ಸೇರೇತೇನೋ. ನೀ ಇಳಿ, ನಿಂದೇನ್ ತಪ್ಪಿಲ್ಲ."

ನಾನು ಹೌಹಾರಿದೆ. ಎರಡು ಚಳಿಗಾಲ ಹೆಂಗಸರು ಬೇಡಿಕೊಂಡರೂ ಡೊಂಕಾಗದ ನೆಲ ಈ ಹುಡುಗ ಮೂರು ಸಲ ಮುಗ್ಗರಿಸುವಷ್ಟರಲ್ಲಿ ಡೊಂಕಾಯಿತೇ? ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಇನ್ನೊಂದು ಜೊತೆ ಕಿವಿ ಇತ್ತು.

"ಸರ," ಎಂದಳು ಹುಲಿಗೆವ್ವ. "ನಿನ್ನೆ ನಾ ಬಂದ್ ಬೀಳಿಸಿದಾಗ ನನ್ನ ಕಾಲಿಗೆ ಆಗಿತ್ತು. ಇವತ್ತ ಗಾಡೀಗೆ ಹೆಂಗ ಆತ್ರಿ?"

ಗುರುಶಾಂತಪ್ಪ ಕೆಮ್ಮಿದ. ಪ್ರಶಾಂತ ಹಣೆ ತಿಕ್ಕಿಕೊಂಡ.

ಹತ್ತು ಗಂಟೆಗೆ ಕಾರು ಬಿಸಿಯಾಗಿದ್ದಾಗ ಹುಲಿಗೆವ್ವ ಕೂತಳು. ಬಸ್‌ಸ್ಟ್ಯಾಂಡನ್ನು ಸುತ್ತಿದಳು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು, ಮುಂದೆ ಎಮ್ಮೆ ನಿಂತಿತು. ಒಮ್ಮೆಯೂ ಬಂದ್ ಬೀಳಲಿಲ್ಲ. ಅವಳ ಬೆನ್ನಿಗೇ, ಇನ್ನೂ ಬಿಟ್ಟು ಹೋಗದೆ ಉಳಿದಿದ್ದ ಅಂಗನವಾಡಿಯ ಅನಸೂಯಾ ಟೀಚರು ಸುತ್ತಿದರು, ದರ್ಜಿ ಮಾಬುಬೀ ಸುತ್ತಿದಳು. ಎಲ್ಲರದೂ ಬೆಣ್ಣೆ.

"ಇವತ್ತ ಎಲ್ಲಾರ ಕಾಲೂ ಚಲೋ ಅದಾವ," ಎಂದ ಗುರುಶಾಂತಪ್ಪ, ಗಲಿಬಿಲಿಯಲ್ಲಿ.

"ಕಾಲು ದಿನಾ ಇವ ಅದಾವ್ರಿ. ಗಾಡಿ ಇವತ್ತ ಬಿಸಿ ಐತಿ. ತಣ್ಣಗಿದ್ದಾಗ ಮೇಸ್ತ್ರಿಗೆ ತೋರಸ್ರಿ," ಎಂದಳು ಹುಲಿಗೆವ್ವ.

"ಖಾದರಸಾಬ ಎಷ್ಟ ಸಲ ನೋಡ್ಯಾನ ಅದನ್ನ!"

"ಬಿಸಿ ಗಾಡಿ ನೋಡಿದ್ರ ಏನ್ ತಿಳೀತೈತ್ರಿ? ಜ್ವರ ಇಳಿದ ಮ್ಯಾಲ ಕೂಸಿನ್ನ ಡಾಕ್ಟರಿಗೆ ತೋರಿಸಿದಂಗ."

ಗುರುಶಾಂತಪ್ಪ ಖಾದರಸಾಬನಿಗೆ ಫೋನು ಮಾಡಿದ, ನಸುಕಿಗೆ ಸ್ಕೂಲಿಗೆ ಬಾ ಎಂದು. ಖಾದರಸಾಬನ ಅಪ್ಪನ ಕಾಲದಿಂದಲೂ ಒಂದು ನೇಮ. ಗ್ಯಾರೇಜಿನಲ್ಲಿ ದಿನದ ಬೋಣಿ ಆಗುವ ಮುಂಚೆ ಪಾನಾ ಹಿಡಿದು ಹೊರಗಿನ ಕೆಲಸಕ್ಕೆ ಹೋಗುವಂತಿಲ್ಲ. ಬೇಕಾದರೆ ತಣ್ಣನೆಯ ಗಾಡಿಯನ್ನು ನೀನೇ ತಾ ಎಂದ. ಗ್ಯಾರೇಜು ಊರಿನ ಆ ತುದಿಯಲ್ಲಿ. ಓಡಿಸಿದರೆ ಕಾರು ಬಿಸಿಯಾಗುತ್ತದೆ. ಹಿಂದಿನ ರಾತ್ರಿಯೇ ಬಿಟ್ಟು ಬರೋಣವೆಂದರೆ ಗ್ಯಾರೇಜಿನೊಳಗೆ ಜಾಗವಿಲ್ಲ, ಬೀದಿಯಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಗಾಲಿ ಉಳಿಯುವುದಿಲ್ಲ. ಇದೊಳ್ಳೆ ಫಜೀತಿ ಎಂದು ಗುರುಶಾಂತಪ್ಪ ಕೈ ಚೆಲ್ಲಿದ.

"ಓಡಿಸೂದು ಯಾಕ? ದಬ್ಬೂಣು," ಎಂದಳು ಹುಲಿಗೆವ್ವ.

ಅಮಾವಾಸ್ಯೆ ಕಳೆದ ಮರುದಿನ ಮುಂಜಾನೆ ಅದು ನಡೆದೇಹೋಯಿತು. ಯಾರೂ ನೋಡಬಾರದೆಂದು ಕತ್ತಲಲ್ಲಿ ಸೆರಗು ಹೊದ್ದು ಬರುತ್ತಿದ್ದ ಹೆಂಗಸರೇ ಅಂದು, ಹಾಲಿನವರು, ಪೇಪರಿನವರು, ಚಹಾದಂಗಡಿಯ ಬೆಂಚಿನವರು ಎಲ್ಲ ಎದ್ದು ಕೂತ ಹೊತ್ತಿನಲ್ಲಿ, ನಡುಬಜಾರಿನಲ್ಲಿ ಕಾರು ದಬ್ಬುತ್ತ ಹೊರಟರು. ಹುಲಿಗೆವ್ವ ಸ್ಟಿಯರಿಂಗು ಹಿಡಿದಿದ್ದಳು. ಅನಸೂಯಾ ಟೀಚರು, ಮಾಬುಬೀ ಹಿಂದೆ. ಗುರುಶಾಂತಪ್ಪನಿಗೆ ಎಷ್ಟು ನಾಚಿಕೆಯೆಂದರೆ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ರಸ್ತೆಯ ಆ ಬದಿಯಲ್ಲಿ ನಡೆಯುತ್ತಿದ್ದ.

"ಗಾಡಿ ಕಲೀಲಿಕ್ಕೆ ಹೋದವರು ಎತ್ತ ಆದ್ರಲ್ಲೋ!" ಬೆಂಚಿನಿಂದ ಒಬ್ಬ ಕೂಗಿದ. ನಗೆ ಎದ್ದಿತು.

"ಹೌದೋ ಯಣ್ಣಾ, ಮುಂದ ಏರ ಐತಿ. ನೀನೂ ಬಾ, ಜೋಡೆತ್ತ ಆಗತೈತಿ," ಎಂದಳು ಮಾಬುಬೀ. ನಗೆ ಈಗ ಅವನ ಕಡೆ ತಿರುಗಿತು. ಅವನು ಲೋಟ ಇಟ್ಟು ಎದ್ದು ಬಂದು ನಿಜಕ್ಕೂ ಹೆಗಲು ಕೊಟ್ಟ. ಆಗ ಗುರುಶಾಂತಪ್ಪನೂ ರಸ್ತೆ ದಾಟಿ ಬಂದು ಒಂದು ಕೈ ಹಚ್ಚಿದ.

ಖಾದರಸಾಬ ಬಾನೆಟ್ಟಿನ ಮೇಲೆ ಕೈಯಿಟ್ಟ. ಇಬ್ಬನಿ ಹಾಗೇ ಇತ್ತು. ಚಾವಿ ತಿರುವಿದ. ಇಂಜಿನ್ ಎಂದಿನಂತೆ ಗಡಗಡ ನಡುಗಿತು. ಗೇರು ಹಾಕಿ ತಾನೇ ನನ್ನನ್ನು ಬಿಟ್ಟ. ಧಡಕ್ ಎಂದು ನಿಂತಿತು. ಇಪ್ಪತ್ತು ವರ್ಷ ಪಳಗಿದ ಮೇಸ್ತ್ರಿಯ ಕಾಲು! ಅವನ ಮುಖ ನನಗೆ ಕಾಣಲಿಲ್ಲ, ಆದರೆ ಅಂಗಾಲು ನನ್ನ ಮೇಲೆ ಕಲ್ಲಾದದ್ದು ತಿಳಿಯಿತು.

ಪ್ಲಗ್ಗು ಬಿಚ್ಚಿ ನೋಡಿದ, ಚೆನ್ನಾಗಿದ್ದವು. ಪೆಟ್ರೋಲು ಬರುವ ಒತ್ತಡ ನೋಡಿದ, ಸರಿಯಿತ್ತು. ಗಾಳಿಯ ಕೊಳವೆಯಲ್ಲಿ ಸೋರಿಕೆ ಹುಡುಕಿದ, ಇರಲಿಲ್ಲ. ಕಡೆಗೆ ಅಂಗೈಯಗಲದ ಒಂದು ತಪಾಸಣೆಯ ಯಂತ್ರ ತಂದು, ನನ್ನ ನೆತ್ತಿಯ ಮೇಲಿದ್ದ ಸಾಕೆಟ್ಟಿಗೆ ಸಿಕ್ಕಿಸಿ ಓದತೊಡಗಿದ. ಎದ್ದು ಹೋಗಿ ಇಂಜಿನ್ನಿನ ಮೇಲೆ ಅಂಗೈ ಇಟ್ಟ. ಮತ್ತೆ ಬಂದು ಓದಿದ.

"ಯಾ ಅಲ್ಲಾ," ಎಂದ. "ಇಂಜಿನ್ ಬಾವಿ ನೀರಿನಂಗ ತಣ್ಣಗೈತಿ. ಇದರಾಗ ಎಂಬತ್ತ ಡಿಗ್ರಿ ಕಾದೈತಿ ಅಂತ ತೋರಸಾಕತ್ತೈತಿ!"

ಇಂಜಿನ್ನಿನ ನೀರಿನ ದಾರಿಯಲ್ಲಿ ಕಿರುಬೆರಳಷ್ಟು ದೊಡ್ಡ ಒಂದು ಸೆನ್ಸರು ಇರುತ್ತದೆ. ಇಂಜಿನ್ ಎಷ್ಟು ಕಾದಿದೆ ಎಂದು ಗಾಡಿಯ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ತಣ್ಣಗಿದ್ದರೆ ಕಂಪ್ಯೂಟರು ಹೆಚ್ಚು ಪೆಟ್ರೋಲು ಕೊಡುತ್ತದೆ, ಕಾದಿದ್ದರೆ ಕಡಿಮೆ. ಆ ಸೆನ್ಸರು ಒಳಗೇ ಕೆಟ್ಟು, ಸದಾ ಕಾದಿದೆ ಎಂದೇ ಹೇಳುತ್ತಿತ್ತು. ಖಾದರಸಾಬ ಹೆಂಗಸರಿಗೆ ತಿಳಿಯುವಂತೆ ಹೇಳಿದ: "ಮುಂಜಾನೆ ಹಸದ ಎದ್ದಿರತೈತ್ರೆವಾ ಇಂಜಿನ್ನು. ಇದು, 'ಅದರ ಊಟ ಆಗೇತಿ, ಏನೂ ಹಾಕಬ್ಯಾಡ್ರಿ' ಅಂತ ಸುಳ್ಳ ಹೇಳಾಕತ್ತೈತಿ. ಮಧ್ಯಾಹ್ನ ಖರೇನ ಕಾದಿರತೈತಿ, ಆವಾಗ ಇದರ ಸುಳ್ಳು ಖರೇ ಆಗತೈತಿ. ನಾ ಎಲ್ಲಾ ಸಲ ಆ ಹೊತ್ತಿಗೇ ನೋಡೀನಿ."

"ಎಷ್ಟ ದಿನದಿಂದ ಹಿಂಗೈತಿ?" ಹುಲಿಗೆವ್ವ ಕೇಳಿದಳು.

ಖಾದರಸಾಬ ಗುರುಶಾಂತಪ್ಪನ ಕಡೆ ನೋಡಿದ. ಗುರುಶಾಂತಪ್ಪ ಹಳೆಯ ಟೈರೊಂದರ ಮೇಲೆ ಕುಸಿದು ಕೂತ. ಬಿಟ್ಟು ಹೋದವರ ಹೆಸರುಗಳನ್ನು ತನ್ನಷ್ಟಕ್ಕೆ ಅನ್ನತೊಡಗಿದ. ರೇಷನ್ ಅಂಗಡಿಯ ಸಾವಂತ್ರೆವ್ವ. ನರ್ಸ್ ಫ್ಲೋರಾ. ಕುರುಬರ ಓಣಿಯ ಅತ್ತೆ-ಸೊಸೆ. ನನಗೋ ಪ್ರತಿ ಹೆಸರಿಗೂ ಒಂದು ಅಂಗಾಲು ನೆನಪಾಗುತ್ತಿತ್ತು. ಇಷ್ಟು ದಿನ ನಾನು ಕಾಲಿನ ತಪ್ಪಲ್ಲ ಎಂದಷ್ಟೇ ಬಲ್ಲೆ. ಕಾರಣ ಇಷ್ಟು ಸಣ್ಣದು ಎಂದು ತಿಳಿದಾಗ ನನಗೂ ಸಿಡಿಲು ಬಡಿದಂತಾಯಿತು. ಕಿರುಬೆರಳಷ್ಟು ಸುಳ್ಳಿಗೆ ಇಷ್ಟು ಮಂದಿ ತಮ್ಮ ಕಾಲಿನ ಮೇಲಿನ ನಂಬಿಕೆ ಕಳೆದುಕೊಂಡು ಮನೆಗೆ ನಡೆದಿದ್ದರು!

ಹೊಸ ಸೆನ್ಸರು ಬಂತು. ಮರುದಿನ ನಸುಕಿನ ಚಳಿಯಲ್ಲೇ ಹುಲಿಗೆವ್ವ ಚಾವಿ ತಿರುವಿದಳು. ಇಂಜಿನ್ ಒಂದೇ ಉಸಿರಿನಲ್ಲಿ ಎದ್ದು ಗುಂಯ್ ಎಂದಿತು. ಅವಳು ನನ್ನನ್ನು ಬಿಟ್ಟಳು, ಕಾರು ಹೊರಟಿತು. ತಿಂಗಳು ಮುಗಿಯುವ ಮುಂಚೆ ಟೆಸ್ಟು ಪಾಸಾದಳು. ಅಧ್ಯಕ್ಷರ ಮೈದುನನ ಬಳಿ ಫೋಟೋ ಉಳಿಯಿತು, ಚಾವಿ ಇವಳಿಗೆ ಬಂತು.

ಗುರುಶಾಂತಪ್ಪನಿಗೆ ತಲೆಯ ಮೇಲಿನ ಬೆಟ್ಟ ಇಳಿದಂತಾಗಿತ್ತು. ತಪ್ಪೆಲ್ಲ ಸೆನ್ಸರಿನದು! ಬಿಟ್ಟು ಹೋದವರ ಮನೆಗಳಿಗೆಲ್ಲ ಹೋಗಿ ಕರೆದು ಬಂದ. ಆ ಉತ್ಸಾಹದಲ್ಲೇ ಒಂದು ಮುಂಜಾನೆ, ಅಂಗಳದಲ್ಲಿ ಕಾರು ಒರೆಸುತ್ತಿದ್ದವನು, ಚಹಾ ತಂದ ಹೆಂಡತಿಗೂ ಹೇಳಿದ. "ಕಸ್ತೂರೀ, ನಿಂದೂ ತಪ್ಪಿರಲಿಲ್ಲ ತಗಾ. ಗಾಡೀದು. ಬಾ, ಕುಂಡ್ರು, ಕಲಿಸ್ತೀನಿ."

ಕಸ್ತೂರೆವ್ವ ಲೋಟವನ್ನು ಬಾನೆಟ್ಟಿನ ಮೇಲಿಟ್ಟಳು.

"ನಾ ಕಲಿಯೂಮುಂದ ಗಾಡಿ ಚಲೋ ಇತ್ರಿ," ಎಂದಳು.

"ಮತ್ತ ದಿನಾ ಬಂದ್ ಬೀಳತಿತ್ತಲ್ಲ?"

"ನೀವು ಒದರಿದಾಗ ಬೀಳತಿತ್ತು. ನೀವು ಸುಮ್ಮ ಇದ್ದಾಗ ಒಂದ್ ಸಲನೂ ಬಿದ್ದಿಲ್ಲ."

ಬಾಗಿಲು ತೆರೆದಿತ್ತು, ನನಗೆ ಎಲ್ಲ ಕೇಳಿಸುತ್ತಿತ್ತು. ನಾನು ಬೆಚ್ಚಿಬಿದ್ದೆ. ಯಾಕೆಂದರೆ ಅದು ನಿಜ, ಮತ್ತು ನಾನೂ ಅದನ್ನು ಮರೆತಿದ್ದೆ. ಹೊಸ ಸೆನ್ಸರಿನ ಸಂಭ್ರಮದಲ್ಲಿ ಕಸ್ತೂರೆವ್ವನ ಕಾಲನ್ನೂ ಆ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದೆ. ಗುರುಶಾಂತಪ್ಪನ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಟ್ಟೆಯನ್ನು ಹಿಂಡಿ ಕೆಳಗಿಟ್ಟು, "ಹಂಗಾದ್ರ ಏನ್ ಮಾಡೂಣು?" ಎಂದ. ಅಷ್ಟು ಸಣ್ಣ ದನಿ ಅವನಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

"ನಾ ಕಲೀತೀನಿ. ನೀವು ಗಾಡ್ಯಾಗ ಇರಬ್ಯಾಡ್ರಿ."

ಕಸದ ಗಾಡಿಗೆ ರಜೆಯಿದ್ದ ದಿನ ಹುಲಿಗೆವ್ವ ಬಂದು ಮಾಸ್ತರನ ಸೀಟಿನಲ್ಲಿ ಕೂತಳು. ಕಸ್ತೂರೆವ್ವ ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದೇ ಬಿಸಿ, ಅದೇ ಹದ. ಹುಲಿಗೆವ್ವ ಪಕ್ಕದ ಪೆಡಲನ್ನು ಮುಟ್ಟಲೇ ಇಲ್ಲ. ಕಾರು ಹೊರಟು ಬಸ್‌ಸ್ಟ್ಯಾಂಡು ಸುತ್ತಿತು, ಬಜಾರು ದಾಟಿತು, ಗ್ಯಾರೇಜಿನ ಮುಂದೆ ಹಾಯಿತು. ತಿರುಗಿ ಬಂದಾಗ ಗುರುಶಾಂತಪ್ಪ ಕಾರು ಹೊರಟಾಗ ಇದ್ದಲ್ಲೇ ನಿಂತಿದ್ದ. ನಾಯಿ ಕಚ್ಚಿಕೊಂಡು ಹೋದೀತೆಂದು ಹೆಂಡತಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಅವಳು ಇಳಿಯುವಾಗ ಬಗ್ಗಿ ಅವಳ ಕಾಲ ಬಳಿ ಇಟ್ಟ. ಅಂದಿನಿಂದ ಆ ಕಾರಿನಲ್ಲಿ ಯಾರೂ ಒದರಿದ್ದನ್ನು ನಾನು ಕೇಳಲಿಲ್ಲ.

ಈಗ ನಾನು ಹುಬ್ಬಳ್ಳಿಯ ಒಂದು ಗುಜರಿಯಲ್ಲಿದ್ದೇನೆ. ಕಾರಿಗೆ ವಯಸ್ಸಾಯಿತು, ಬಿಚ್ಚಿ ಹಾಕಿದರು. ಇಂಜಿನ್ ಯಾವ ಕಡೆ ಹೋಯಿತೋ. ನಾನು ನನ್ನಂಥವೇ ಪೆಡಲುಗಳ ರಾಶಿಯಲ್ಲಿ ಮಲಗಿ ಆಕಾಶ ನೋಡುತ್ತೇನೆ. ಜೀವಮಾನವಿಡೀ ಕತ್ತಲಲ್ಲಿದ್ದ ನನಗೆ ಇಷ್ಟು ಬೆಳಕೇ ಒಂದು ಆಘಾತ. ಒಂದು ಸೆನ್ಸರು ಸುಳ್ಳು ಹೇಳಿದ್ದರ ಮೇಲೆ ನನಗೀಗ ಸಿಟ್ಟಿಲ್ಲ, ಅದು ಕೆಟ್ಟಿತ್ತು. ಕೆಡದೆ ಇದ್ದವರೆಲ್ಲ ಆ ಸುಳ್ಳಿಗೆ ಅಷ್ಟು ಸುಲಭವಾಗಿ ತಲೆಯಾಡಿಸಿದರಲ್ಲ, ಅದು ಮಾತ್ರ ನನಗೆ ಇನ್ನೂ ಅರಗಿಲ್ಲ.

ಮೊನ್ನೆ ಒಬ್ಬ ಗಿರಾಕಿ ಬಂದು ರಾಶಿಯನ್ನು ಕೆದಕಿದ. ನನ್ನನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದ. ನನ್ನ ರಬ್ಬರಿನ ಗೆರೆಗಳೆಲ್ಲ ಅಳಿದು ಅಂಗಾಲಿನ ಗಾತ್ರಕ್ಕೆ ನುಣ್ಣಗಾಗಿದೆ.

"ಹೆಂಗ ಸವದೈತಿ ನೋಡು," ಎಂದು ಮೂಗು ಮುರಿದು ನನ್ನನ್ನು ರಾಶಿಗೆ ಎಸೆದ. "ಹೆಂಗಸರು ಓಡಿಸಿದ ಗಾಡಿ ಇರಬೇಕು."

ಹೌದಪ್ಪ. ಹೆಂಗಸರೇ ಓಡಿಸಿದ್ದು.